ಮಗುವಿಗೆ ರೇಡಿಯೇಷನ್ ಅಂದಾಗ: ಮೊದಲ ದಿನಕ್ಕೂ ಮುಂಚಿನ ಕೆಲಸ

"ಮಗೂಗೆ ಕರೆಂಟ್ ಕೊಡಬೇಕಂತೆ" ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಹೇಳುವ ಮಾತು ಒಂದೇ. ಅದು ಕರೆಂಟ್ ಅಲ್ಲ. ಕೊಡುವಾಗ ಶಾಕ್ ಹೊಡೆಯುವುದಿಲ್ಲ, ಸುಡುವುದಿಲ್ಲ, ನೋವೇ ಆಗುವುದಿಲ್ಲ. ಎಕ್ಸ್‌ರೇ ತೆಗೆಸಿದ ಹಾಗೇ ಇರುತ್ತದೆ, ಆದರೆ ಅದಕ್ಕಿಂತ ತುಂಬಾ ಬಲವಾದ ಕಿರಣ.

ನಾವು ತೀರ್ಥಹಳ್ಳಿ ಹತ್ತಿರದವರು. ನಮ್ಮ ಮಗಳಿಗೆ ಆರು ವರ್ಷ ಇದ್ದಾಗ ಹಿಮ್ಮೆದುಳಿನಲ್ಲಿ ಗಡ್ಡೆ ಬಂತು. ಮೆಡುಲ್ಲೊಬ್ಲಾಸ್ಟೊಮಾ ಅಂದರು. ಆಪರೇಷನ್ ಆಯಿತು, ಆಮೇಲೆ ಮೂವತ್ತು ದಿನ ರೇಡಿಯೇಷನ್, ಆಮೇಲೆ ಕೀಮೋ. ಆ ಮೂವತ್ತು ದಿನದ ಬಗ್ಗೆ ನನಗೆ ಇದ್ದ ಭಯವೆಲ್ಲ ಯಂತ್ರದ ಮೇಲೆ ಇತ್ತು. ನಿಜವಾಗಿ ಗಮನ ಕೊಡಬೇಕಿದ್ದುದು ಯಂತ್ರ ಶುರುವಾಗುವ ಮೊದಲಿನ ದಿನಗಳಿಗೆ, ಅಂದರೆ ಪ್ಲಾನಿಂಗ್‌ಗೆ. ಅದು ನನಗೆ ತಡವಾಗಿ ಗೊತ್ತಾಯಿತು. ನಿಮಗೆ ಮೊದಲೇ ಗೊತ್ತಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಎಲ್ಲಿಗೆ ಹೋಗುವುದು

ಹತ್ತಿರದ ಆಸ್ಪತ್ರೆಯಾ, ಮಕ್ಕಳನ್ನು ಜಾಸ್ತಿ ನೋಡುವ ಆಸ್ಪತ್ರೆಯಾ ಅನ್ನುವ ಪ್ರಶ್ನೆ ಬಂದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ದೊಡ್ಡವರಿಗೆ ರೇಡಿಯೇಷನ್ ಕೊಡುವ ಕಡೆಯೆಲ್ಲ ಮಕ್ಕಳಿಗೆ ಕೊಟ್ಟು ಅಭ್ಯಾಸ ಇರುವುದಿಲ್ಲ. ಮಕ್ಕಳ ಕ್ಯಾನ್ಸರ್ ಬೇರೆ, ಬೆಳೆಯುವ ಮೈ ಬೇರೆ. ಬೆಂಗಳೂರಿನ ಕಿದ್ವಾಯಿ 1973ರಿಂದ ಇರುವ ಸರ್ಕಾರಿ ಸಂಸ್ಥೆ. ನಮ್ಮ ಕಡೆಯವರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೂ ಹೋಗುತ್ತಾರೆ. ಎಲ್ಲಿಗೇ ಹೋಗಿ, ಮೂರು ಪ್ರಶ್ನೆ ಕೇಳಿ. ನಮ್ಮ ಮಗುವಿಗೆ ಇರುವಂಥ ಗಡ್ಡೆಗೆ ಇಲ್ಲಿ ವರ್ಷಕ್ಕೆ ಎಷ್ಟು ಮಕ್ಕಳಿಗೆ ರೇಡಿಯೇಷನ್ ಕೊಡುತ್ತೀರಿ? ಮಕ್ಕಳ ಕ್ಯಾನ್ಸರ್ ಡಾಕ್ಟರ್, ಸರ್ಜನ್, ರೇಡಿಯೇಷನ್ ಡಾಕ್ಟರ್ ಒಟ್ಟಿಗೆ ಕೂತು ಈ ಕೇಸ್ ಚರ್ಚೆ ಮಾಡಿದ್ದಾರಾ? ಚಿಕ್ಕ ಮಕ್ಕಳಿಗೆ ದಿನಾ ಅರಿವಳಿಕೆ ಕೊಡುವ ವ್ಯವಸ್ಥೆ ಇದೆಯಾ? ಕೇಳಿದ್ದಕ್ಕೆ ಒಳ್ಳೆಯ ಡಾಕ್ಟರ್ ಬೇಜಾರು ಮಾಡಿಕೊಳ್ಳುವುದಿಲ್ಲ. ನಮಗೆ ಸಿಕ್ಕವರು ಕುರ್ಚಿ ಎಳೆದು ಕೂತು, "ಕೇಳಿ ಅಮ್ಮಾ, ಇವತ್ತು ಕೇಳಿದರೇ ಒಳ್ಳೆಯದು" ಅಂದಿದ್ದರು.

ಪ್ರೋಟಾನ್ ಅನ್ನುವ ಬೇರೆ ಬಗೆಯ ರೇಡಿಯೇಷನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಮಾಮೂಲಿ ಕಿರಣ ಗಡ್ಡೆ ದಾಟಿ ಆಚೆ ಕಡೆಯಿಂದ ಹೊರಗೆ ಹೋಗುತ್ತದೆ, ಪ್ರೋಟಾನ್ ಹೇಳಿದಷ್ಟು ಆಳಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಅದಕ್ಕೇ ಬೆಳೆಯುವ ಮಕ್ಕಳಿಗೆ ಅದರಿಂದ ಅನುಕೂಲ ಇದೆ. ಚೆನ್ನೈನಲ್ಲಿ ಖಾಸಗಿಯಾಗಿ ಇದೆ, ನವಿ ಮುಂಬೈನಲ್ಲಿ ಟಾಟಾ ಮೆಮೋರಿಯಲ್‌ನವರದ್ದು ಇದೆ. ನಮ್ಮ ಮಗುವಿಗೆ ಅದರಿಂದ ಎಷ್ಟು ಉಪಯೋಗ ಅಂತ ಡಾಕ್ಟರನ್ನು ಕೇಳಿ. ಆದರೆ ಅದಕ್ಕಾಗಿ ಕಾಯುತ್ತಾ ದಿನ ಕಳೆಯಬೇಡಿ. ಮಾಮೂಲಿ ಯಂತ್ರದಲ್ಲಿ, ಅಂದರೆ ಲಿನಾಕ್‌ನಲ್ಲಿ, ಸರಿಯಾಗಿ ಪ್ಲಾನ್ ಮಾಡಿ ಸಮಯಕ್ಕೆ ಕೊಟ್ಟು ಗುಣವಾದ ಮಕ್ಕಳು ತುಂಬಾ ಇದ್ದಾರೆ.

ಹೊರಡುವ ಮೊದಲು

ರಿಪೋರ್ಟ್ ಪೇಪರ್ ಸಾಲದು, ಎಂಆರ್‌ಐ ಸಿಡಿಗಳೇ ಬೇಕು. ಆಪರೇಷನ್‌ಗೆ ಮೊದಲಿನದ್ದು, ಆಪರೇಷನ್ ಆದಮೇಲಿನದ್ದು ಎರಡೂ. ಗಡ್ಡೆ ಮೊದಲು ಎಲ್ಲೆಲ್ಲಿ ಮುಟ್ಟಿತ್ತು ಅನ್ನುವುದು ಹಳೆಯ ಸ್ಕ್ಯಾನ್‌ನಲ್ಲಿ ಮಾತ್ರ ಕಾಣುತ್ತದೆ. ಗಡ್ಡೆ ತೆಗೆದಿದ್ದಾರಲ್ಲ, ಹಳೆಯದು ಯಾಕೆ ಅಂತ ನಮ್ಮವರು ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಆಮೇಲೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ತರಿಸಬೇಕಾಯಿತು, ಒಂದು ದಿನ ಹೋಯಿತು. ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್ (ಗಡ್ಡೆಯ ತುಂಡು ಇಟ್ಟ ಮೇಣದ ಬಿಲ್ಲೆ) ಕೂಡ ಕೇಳಿ ತೆಗೆದುಕೊಳ್ಳಿ. ಮಳೆಗಾಲದಲ್ಲಿ ನಮ್ಮ ಕಡೆ ಬೀರುವಿನಲ್ಲಿಟ್ಟ ಪೇಪರ್‌ಗೂ ಬೂಸ್ಟು ಬರುತ್ತದೆ. ಎಲ್ಲವನ್ನೂ ಒಳ್ಳೆಯ ಪ್ಲಾಸ್ಟಿಕ್ ಕವರಿಗೆ ಹಾಕಿ, ಮೊಬೈಲಿನಲ್ಲಿ ಫೋಟೋನೂ ತೆಗೆದಿಡಿ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಕೇಳುತ್ತಾರೆ, ಶಿವಮೊಗ್ಗದ ಮೆಗ್ಗಾನ್‌ನಲ್ಲಿ ಮೊದಲೇ ವಿಚಾರಿಸಿ. ಆಸ್ಪತ್ರೆಯೊಳಗೆ ಈ ಯೋಜನೆಯ ಕೆಲಸ ನೋಡಲು ಆರೋಗ್ಯಮಿತ್ರ ಅಂತ ಇರುತ್ತಾರೆ, ಅವರನ್ನು ಹಿಡಿಯಿರಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಹೋಗುವ ಒಬ್ಬರಿಗೂ ರಿಯಾಯಿತಿ ಇದೆ. ಅದಕ್ಕೆ ಆಸ್ಪತ್ರೆಯವರು ರೈಲ್ವೆಯ ನಮೂನೆಯಲ್ಲಿ ಪತ್ರ ಕೊಡಬೇಕು.

ಮಾಸ್ಕ್ ದಿನ

ತಲೆಗೆ ಕೊಡುವುದಾದರೆ ಮೊದಲು ಮಾಸ್ಕ್ ಮಾಡುತ್ತಾರೆ. ಅದೊಂದು ಬಿಳಿ ಪ್ಲಾಸ್ಟಿಕ್ ಜಾಲರಿಯ ಹಾಳೆ. ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿದರೆ ಒದ್ದೆ ಬಟ್ಟೆಯ ಹಾಗೆ ಮೆತ್ತಗಾಗುತ್ತದೆ. ಅದನ್ನು ಎತ್ತಿ, ನೀರು ಒರೆಸಿ, ಮಗುವಿನ ಮುಖದ ಮೇಲೆ ಎಳೆದು ಹಲಗೆಗೆ ಸಿಕ್ಕಿಸುತ್ತಾರೆ. ಮೂಗು, ಗಲ್ಲ, ಗದ್ದ ಎಲ್ಲದರ ಅಚ್ಚು ಅದರಲ್ಲಿ ಮೂಡುತ್ತದೆ. ಹತ್ತು ನಿಮಿಷದಲ್ಲಿ ತಣ್ಣಗಾಗಿ ಗಟ್ಟಿಯಾಗುತ್ತದೆ. ತೂತುಗಳಿರುವುದರಿಂದ ಉಸಿರಾಟಕ್ಕೆ ತೊಂದರೆ ಇಲ್ಲ. ಆದರೆ ಮಗುವಿಗೆ ಅದು ಹೇಗೆ ಗೊತ್ತಾಗಬೇಕು?

ನಾವು ಮನೆಯಲ್ಲಿ ಜರಡಿ ಇಟ್ಟುಕೊಂಡು ಅಭ್ಯಾಸ ಮಾಡಿದೆವು. ಜಗಲಿಯ ಮೇಲೆ ಚಾಪೆ ಹಾಸಿ, ಅವಳನ್ನು ಅಂಗಾತ ಮಲಗಿಸಿ, ಮುಖದ ಮೇಲೆ ಜರಡಿ ಇಟ್ಟು, ನಾನು ಒಳಗೆ ಹೋಗಿ ಅಡುಗೆಮನೆಯಿಂದ ಕೂಗಿ ಮಾತಾಡುತ್ತಿದ್ದೆ. ಯಾಕೆಂದರೆ ಅಲ್ಲೂ ಹಾಗೇ. ಅವಳೊಬ್ಬಳೇ ಕೋಣೆಯಲ್ಲಿ, ನಾವು ಹೊರಗೆ ಕ್ಯಾಮೆರಾದಲ್ಲಿ ನೋಡುತ್ತಾ ಮೈಕಿನಲ್ಲಿ ಮಾತಾಡುವುದು. ಮೊದಲ ದಿನ ಇಪ್ಪತ್ತು ಎಣಿಸುವಷ್ಟು ಹೊತ್ತು ಮಲಗಿದಳು. ಒಂದು ವಾರದಲ್ಲಿ ಮುನ್ನೂರು ದಾಟಿತು. ಅಲ್ಲಿಗೆ ಹೋದಾಗ ಮಾಸ್ಕಿನ ಒಂದು ತುಂಡನ್ನು ಅವಳ ಕೈಗೆ ಕೊಡಿಸಿ ಅಂತ ಕೇಳಿದೆ. ಅದನ್ನು ಹಿಂಡಿ, ಹಿಸುಕಿ ನೋಡಿದಳು. ಆಮೇಲೆ ಅಳಲಿಲ್ಲ. ಅರಿವಳಿಕೆ ಬೇಡವಾಯಿತು.

ಎಲ್ಲ ಮಕ್ಕಳಿಗೂ ಹೀಗೆ ಆಗುವುದಿಲ್ಲ, ಆಗದಿದ್ದರೆ ಅದು ಮಗುವಿನ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ. ಮೂರು-ನಾಲ್ಕು ವರ್ಷದ ಮಕ್ಕಳಿಗೆ ಸಾಮಾನ್ಯವಾಗಿ ದಿನಾ ಅರಿವಳಿಕೆ ಬೇಕೇ ಬೇಕು. ಹಾಗಿದ್ದರೆ ಬೆಳಗಿನ ಮೊದಲ ಸರದಿ ಕೇಳಿ, ಇಲ್ಲದಿದ್ದರೆ ಮಗು ಮಧ್ಯಾಹ್ನದವರೆಗೆ ಹಸಿದಿರಬೇಕಾಗುತ್ತದೆ. ಊಟ-ತಿಂಡಿ ಆರು ಗಂಟೆ ಮೊದಲೇ ನಿಲ್ಲಬೇಕು, ಬರೀ ನೀರನ್ನು ಎರಡು ಗಂಟೆ ಮೊದಲಿನವರೆಗೆ ಕೊಡಬಹುದು. ನಿಮ್ಮ ಆಸ್ಪತ್ರೆಯವರು ಹೇಳಿದ ಸಮಯವನ್ನೇ ಪಾಲಿಸಿ. ಗಂಜಿ ತಿಳಿ ನೀರಿನ ಹಾಗೇ ಇದ್ದರೂ ಅದು ಊಟವೇ. ಹಾಲೂ ಅಷ್ಟೇ. ಅಜ್ಜಿಯರು ಪ್ರೀತಿಯಿಂದ ಒಂದು ಗುಟುಕು ಕುಡಿಸಿಬಿಡುತ್ತಾರೆ, ಅವರಿಗೂ ಕೂರಿಸಿಕೊಂಡು ಹೇಳಿ. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಮಾಸ್ಕ್ ಹಾಕಿಯೇ ಪ್ಲಾನಿಂಗ್ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಮೈ ಮೇಲೆ ಗುರುತು ಹಾಕುತ್ತಾರೆ, ಕೆಲವೊಮ್ಮೆ ಸಾಸಿವೆಗಿಂತ ಚಿಕ್ಕ ಹಚ್ಚೆ ಚುಕ್ಕೆ. ಆ ಗುರುತನ್ನು ಉಜ್ಜಬೇಡಿ.

ಆಮೇಲಿನ ದಿನಗಳಲ್ಲಿ ಏನು ನಡೆಯುತ್ತದೆ

ಸ್ಕ್ಯಾನ್ ಆಯಿತು, ಊರಿಗೆ ಹೋಗಿ, ಫೋನ್ ಮಾಡುತ್ತೇವೆ ಅಂತಾರೆ. ನಮಗೆ ಆಗ ಸಿಟ್ಟು ಬಂದಿತ್ತು. ಕಾಯಿಲೆ ಇಟ್ಟುಕೊಂಡು ಕೂತ ಮಗು, ಇವರು ಸುಮ್ನೆ ಕೂತಿದ್ದಾರೆ ಅಂತ. ಅವರು ಸುಮ್ನೆ ಕೂತಿರುವುದಿಲ್ಲ.

ಡಾಕ್ಟರ್ ಆ ಸಿಟಿಯ ಮೇಲೆ ಎಂಆರ್‌ಐಯನ್ನು ಹೊಂದಿಸಿ, ಒಂದೊಂದು ಪದರದಲ್ಲೂ ಗಡ್ಡೆಯ ಜಾಗಕ್ಕೆ ಗೆರೆ ಎಳೆಯುತ್ತಾರೆ. ಸ್ಕ್ಯಾನ್‌ನಲ್ಲಿ ಕಾಣದೆ ಹರಡಿರಬಹುದಾದ ಅಂಚನ್ನು ಸೇರಿಸಿ ಇನ್ನೊಂದು ಗೆರೆ. ದಿನಾ ಮಲಗುವಾಗ ಆಗುವ ಸಣ್ಣ ವ್ಯತ್ಯಾಸಕ್ಕೆ ಮತ್ತೊಂದು. ಅದಾದಮೇಲೆ ಕಾಪಾಡಬೇಕಾದ ಜಾಗಗಳಿಗೆ ಗೆರೆ: ಕಣ್ಣು, ಒಳಕಿವಿ, ಮೆದುಳಿನ ಬುಡದ ಹಾರ್ಮೋನ್ ಗ್ರಂಥಿ, ಥೈರಾಯ್ಡ್, ಹೃದಯ, ಮೂತ್ರಪಿಂಡ, ಹುಡುಗಿಯರಾದರೆ ಅಂಡಾಶಯ. ನೂರಾರು ಪದರ. ಆಮೇಲೆ ಕಿರಣದ ಲೆಕ್ಕ ನೋಡುವ ಫಿಸಿಸಿಸ್ಟ್ ಕೂತು, ಕಿರಣ ಯಾವ ಕೋನದಿಂದ, ಎಷ್ಟು ಬರಬೇಕು ಅಂತ ಕಂಪ್ಯೂಟರಿನಲ್ಲಿ ಪ್ಲಾನ್ ಮಾಡುತ್ತಾರೆ. ಇಷ್ಟವಾಗದಿದ್ದರೆ ಡಾಕ್ಟರ್ ವಾಪಸ್ ಕಳಿಸುತ್ತಾರೆ, ಮತ್ತೆ ಮಾಡುತ್ತಾರೆ.

ಇಲ್ಲಿ ಒಂದು ಗೆರೆ ಇರಬೇಕಾದ್ದಕ್ಕಿಂತ ಒಳಗೆ ಬಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಮಗಳ ಕಾಯಿಲೆಯದ್ದೇ ಉದಾಹರಣೆ ಇದೆ. ಮೆಡುಲ್ಲೊಬ್ಲಾಸ್ಟೊಮಾದ ಕಣಗಳು ಮೆದುಳಿನ ನೀರಿನ ಜೊತೆ ಓಡಾಡುತ್ತವೆ. ಅದಕ್ಕೇ ಪೂರ್ತಿ ಮೆದುಳಿಗೂ ಬೆನ್ನುಹುರಿಗೂ ಕೊಡಬೇಕು. ಎರಡು ಕಣ್ಣುಗಳ ನಡುವೆ, ಮೂಗಿನ ಚಾವಣಿಯಲ್ಲಿ, ತೂತುತೂತಾದ ಒಂದು ತೆಳು ಮೂಳೆ ಇದೆ. ಮೆದುಳಿನ ಹೊದಿಕೆ ಅಲ್ಲಿ ಕೆಳಗೆ ಇಳಿದಿರುತ್ತದೆ. ಕಣ್ಣನ್ನು ಕಾಪಾಡಲು ಹೋಗಿ ಆ ಜಾಗವನ್ನೂ ಮುಚ್ಚಿಬಿಟ್ಟರೆ ಅಷ್ಟು ಜಾಗಕ್ಕೆ ಕಿರಣ ಬೀಳುವುದಿಲ್ಲ, ಕಾಯಿಲೆ ಅಲ್ಲಿಂದಲೇ ಮರಳಬಹುದು. ಫ್ರಾನ್ಸಿನ ವೈದ್ಯರು 1990ರ ದಶಕದಲ್ಲಿ ಬೇರೆ ಬೇರೆ ಆಸ್ಪತ್ರೆಗಳಿಂದ ಕಿರಣ ಬಿದ್ದ ಜಾಗ ತೋರಿಸುವ ಫಿಲ್ಮ್ ತರಿಸಿ ಪರೀಕ್ಷಿಸಿದಾಗ, ಇಂಥ ದೊಡ್ಡ ತಪ್ಪುಗಳು ಒಂದಕ್ಕಿಂತ ಜಾಸ್ತಿ ಆದ ಮಕ್ಕಳಲ್ಲಿ ಕಾಯಿಲೆ ಮರಳಿದ್ದು ಹೆಚ್ಚು ಅಂತ ಕಂಡಿತು. ಈಗ ಯುರೋಪಿನಲ್ಲಿ ಕ್ವಾರ್ಟೆಟ್ ಅನ್ನುವ ಯೋಜನೆಯಲ್ಲಿ, ಮಕ್ಕಳ ಪ್ಲಾನ್‌ಗಳನ್ನು ಬೇರೆ ಊರಿನ ತಜ್ಞರು ನೋಡಿ ಅಭಿಪ್ರಾಯ ಹೇಳುತ್ತಾರೆ. ನಮ್ಮಲ್ಲೂ ಕೇಳಬಹುದಾದ ಪ್ರಶ್ನೆ ಇದು: "ಸರ್, ನೀವು ಎಳೆದ ಗೆರೆಯನ್ನು ಇನ್ನೊಬ್ಬ ಡಾಕ್ಟರ್ ನೋಡುತ್ತಾರಾ? ಲೆಕ್ಕವನ್ನು ಎರಡನೇ ಫಿಸಿಸಿಸ್ಟ್ ತಾಳೆ ನೋಡುತ್ತಾರಾ?"

ಬೆನ್ನುಮೂಳೆಯ ವಿಷಯ ನನಗೆ ಮೊದಲು ಅರ್ಥವೇ ಆಗಿರಲಿಲ್ಲ. ವಾರ್ಡಿನಲ್ಲಿ ಪಕ್ಕದ ಹಾಸಿಗೆಯ ಹುಡುಗನಿಗೆ ಮೂತ್ರಪಿಂಡದ ಗಡ್ಡೆ, ವಿಲ್ಮ್ಸ್ ಅಂತಾರೆ. ಗಡ್ಡೆ ಇದ್ದದ್ದು ಎಡಗಡೆ. ಆದರೆ ಬೆನ್ನುಮೂಳೆಯ ಪೂರ್ತಿ ಅಗಲಕ್ಕೂ ಕಿರಣ ಬೀಳುವ ಹಾಗೆ ಪ್ಲಾನ್ ಮಾಡಿದ್ದರು. ಕಡಿಮೆ ಜಾಗಕ್ಕೆ ಕೊಟ್ಟರೆ ಒಳ್ಳೆಯದಲ್ವಾ ಅಂತ ಅವನ ಅಪ್ಪ ಕೇಳಿದರು. ಮೂಳೆಯ ಅರ್ಧಕ್ಕೆ ಮಾತ್ರ ಬಿದ್ದರೆ ಆ ಅರ್ಧ ಬೆಳೆಯುವುದು ಕಡಿಮೆಯಾಗಿ, ಇನ್ನರ್ಧ ಬೆಳೆದು, ಬೆನ್ನು ಡೊಂಕಾಗುತ್ತದೆ. ಒಂದೇ ಕಡೆ ಬಿಸಿಲು ಕಂಡ ಅಡಿಕೆ ಸಸಿ ವಾಲಿದ ಹಾಗೆ. ಅದಕ್ಕೇ ಪೂರ್ತಿ ಸೇರಿಸುತ್ತಾರೆ.

ಡೋಸನ್ನು ಗ್ರೇ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ನಮ್ಮ ಮಗಳದ್ದು ಮಾಮೂಲಿ ಅಪಾಯದ ಗುಂಪು. ಮೆದುಳು-ಬೆನ್ನುಹುರಿಗೆ 13 ದಿನದಲ್ಲಿ 23.4 ಗ್ರೇ, ಆಮೇಲೆ ಗಡ್ಡೆ ಇದ್ದ ಜಾಗಕ್ಕೆ ಮಾತ್ರ 17 ದಿನ ಸೇರಿಸಿ ಒಟ್ಟು 54. ದಿನಕ್ಕೆ 1.8ರಂತೆ. ಕಾಯಿಲೆ ಹರಡಿದ್ದರೆ ಮೆದುಳು-ಬೆನ್ನುಹುರಿಗೇ 36 ಕೊಡುತ್ತಾರೆ. ವಿಲ್ಮ್ಸ್‌ಗೆ ಹೊಟ್ಟೆಯ ಆ ಬದಿಗೆ 10.8 ಸಾಕಾಗುವುದೂ ಉಂಟು. ಹಾಗಾಗಿ ಪಕ್ಕದ ಮಗುವಿಗೆ ಆರು ದಿನ, ನಮಗೆ ಯಾಕೆ ಮೂವತ್ತು ಅಂತ ಹೋಲಿಸಬೇಡಿ. ಮೂರು ವರ್ಷದೊಳಗಿನ ಮಕ್ಕಳ ಮೆದುಳಿಗೆ ಆದಷ್ಟೂ ಕೊಡದೆ, ಕೀಮೋದಲ್ಲಿ ಮುಂದೂಡಲು ನೋಡುತ್ತಾರೆ, ಕಲಿಕೆಗೆ ಆಗುವ ಪೆಟ್ಟು ದೊಡ್ಡದು ಅಂತ.

ಪ್ಲಾನ್ ಮುಗಿದ ಮೇಲೆ ತೋರಿಸಿ ಅಂತ ಕೇಳಿ. ತೋರಿಸುತ್ತಾರೆ. ಪರದೆಯಲ್ಲಿ ಮಗುವಿನ ತಲೆಯ ಚಿತ್ರ, ಅದರ ಮೇಲೆ ಬಣ್ಣದ ಗೆರೆಗಳು, ನಮ್ಮ ಶಾಲೆಯ ಭೂಪಟದಲ್ಲಿ ಗುಡ್ಡದ ಎತ್ತರ ತೋರಿಸುವ ಗೆರೆಗಳ ಹಾಗೆ. ನಮ್ಮ ಡಾಕ್ಟರ್ ಪೆನ್ನಿನ ತುದಿಯಿಂದ ಒಂದು ಸಣ್ಣ ಸುರುಳಿ ತೋರಿಸಿ, "ಇದು ಒಳಕಿವಿ ಅಮ್ಮಾ. ಇಲ್ಲಿ ಎಷ್ಟು ಆಗುತ್ತೋ ಅಷ್ಟು ಕಡಿಮೆ ಮಾಡಿದ್ದೀವಿ" ಅಂದರು. ಅವಳಿಗೆ ಆಮೇಲೆ ಕೊಡಲಿದ್ದ ಕೀಮೋ ಕೂಡ ಕಿವಿಗೆ ತೊಂದರೆ ಕೊಡುವಂಥದ್ದು, ಎರಡೂ ಸೇರಿದರೆ ಕಷ್ಟ. ಶುರುವಾಗುವ ಮೊದಲೇ ಕಿವಿ, ಕಣ್ಣು, ಹಾರ್ಮೋನ್ ಪರೀಕ್ಷೆ ಮಾಡಿಸಿ. ಮೊದಲು ಹೇಗಿತ್ತು ಅಂತ ಗೊತ್ತಿಲ್ಲದೆ ಆಮೇಲೆ ಎಷ್ಟು ಕಡಿಮೆಯಾಯಿತು ಅಂತ ಹೇಗೆ ಹೇಳುವುದು? ಹೊಟ್ಟೆಯ ಕೆಳಭಾಗಕ್ಕೆ ಕಿರಣ ಬೀಳುವುದಾದರೆ, ಮುಂದೆ ಮಕ್ಕಳಾಗುವ ವಿಷಯವನ್ನೂ ಈಗಲೇ ಕೇಳಿ. ಆರು ವರ್ಷದ ಮಗುವಿನ ಬಗ್ಗೆ ಇದನ್ನೆಲ್ಲ ಹೇಗೆ ಕೇಳುವುದು ಅಂತ ನಾಚಿಕೆಯಾಗುತ್ತದೆ. ಕೇಳಿ.

ಕೊನೆಗೆ, ಮಗುವಿಗೆ ಕೊಡುವ ಮೊದಲು ಆ ಪ್ಲಾನನ್ನು ಯಂತ್ರದಲ್ಲಿ ಒಮ್ಮೆ ಓಡಿಸಿ ನೋಡುತ್ತಾರೆ. ಮಗುವಿನ ಬದಲು ಅಳತೆ ಮಾಡುವ ಉಪಕರಣ ಇಟ್ಟು, ಕಂಪ್ಯೂಟರ್ ಹೇಳಿದಷ್ಟೇ ಬೀಳುತ್ತಿದೆಯಾ ಅಂತ. ಇದು ಆಯಿತಾ ಅಂತ ಕೇಳಿ. ಯಂತ್ರವನ್ನೂ ಬೆಳಿಗ್ಗೆ ಪರೀಕ್ಷಿಸಿಯೇ ಶುರು ಮಾಡುತ್ತಾರೆ. ನಮ್ಮ ದೇಶದಲ್ಲಿ ಇದಕ್ಕೆಲ್ಲ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಕಟ್ಟುಪಾಡಿದೆ.

ಈ ಎಲ್ಲದಕ್ಕೆ ಒಂದರಿಂದ ಎರಡು ವಾರ ಹಿಡಿಯಬಹುದು. ಅಷ್ಟು ಸಮಯ ಕೊಡಿ. ಆದರೆ ಅದಕ್ಕೂ ಮಿತಿ ಇದೆ. ನಮ್ಮ ಮಗಳದ್ದರಲ್ಲಿ ಆಪರೇಷನ್ ಆಗಿ ನಾಲ್ಕರಿಂದ ಆರು ವಾರದೊಳಗೆ ಶುರುವಾಗಬೇಕು, ವಿಲ್ಮ್ಸ್‌ನಲ್ಲಿ ಎರಡು ವಾರದೊಳಗೆ ಅಂತ ನೋಡುತ್ತಾರೆ. ಆದ್ದರಿಂದ ಆಪರೇಷನ್ ಆದ ವಾರವೇ ರೇಡಿಯೇಷನ್ ಡಾಕ್ಟರನ್ನು ಕಾಣಿ. ನಮ್ಮ ಕಡೆ ನಾಟಿ ಔಷಧಿ ನೋಡೋಣ ಅಂತ ತಿಂಗಳು ಕಳೆಯುವವರು ಇದ್ದಾರೆ. ಆ ನಂಬಿಕೆಯನ್ನು ನಾನು ಹೀಗಳೆಯುವುದಿಲ್ಲ, ನಮ್ಮ ಮನೆಯಲ್ಲೂ ಆ ಮಾತು ಬಂದಿತ್ತು. ಆದರೆ ಈ ಗಡ್ಡೆ ಕಾಯುವುದಿಲ್ಲ. ಏನಾದರೂ ಕೊಡುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ.

ಶುರುವಾದ ಮೇಲೆ

ಮೊದಲ ದಿನ ತಡವಾಗುತ್ತದೆ, ಮಲಗಿಸಿ ಚಿತ್ರ ತೆಗೆದು ಪ್ಲಾನ್ ಜೊತೆ ತಾಳೆ ನೋಡುತ್ತಾರೆ. ಆಮೇಲೆ ದಿನಾ ಹದಿನೈದು-ಇಪ್ಪತ್ತು ನಿಮಿಷ. ವಾರಕ್ಕೆ ಐದು ದಿನ.

ಒಂದು ದಿನವೂ ತಪ್ಪಿಸಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ನಡುವೆ ಬಿಡುವು ಸಿಕ್ಕರೆ ಗಡ್ಡೆಯ ಕಣಗಳು ಮತ್ತೆ ಬೆಳೆಯುತ್ತವೆ. ಅಡಿಕೆ ಕೊಯ್ಲು, ಗೃಹಪ್ರವೇಶ, ಮಾರಿ ಜಾತ್ರೆ ಯಾವುದಕ್ಕೂ ಊರಿಗೆ ಹೋಗಬೇಡಿ. ಮಳೆಗಾಲವಾದರೆ ಘಾಟಿಯಲ್ಲಿ ಯಾವಾಗ ಮರ ಬೀಳುತ್ತದೋ, ಗುಡ್ಡ ಜರಿಯುತ್ತದೋ ಗೊತ್ತಿಲ್ಲ. ಸೋಮವಾರ ಬೆಳಿಗ್ಗೆ ಬಂದರಾಯಿತು ಅನ್ನುವ ಲೆಕ್ಕ ಬೇಡ, ಆಸ್ಪತ್ರೆ ಹತ್ತಿರವೇ ಉಳಿಯಿರಿ. ಉಳಿಯಲು ಜಾಗಕ್ಕೆ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ, ಧರ್ಮಶಾಲೆ ಇರುತ್ತದೆ. ಯಂತ್ರ ಕೆಟ್ಟು ದಿನ ತಪ್ಪಿದರೆ ಅದನ್ನು ಹೇಗೆ ಸರಿದೂಗಿಸುತ್ತೀರಿ ಅಂತ ಕೇಳಿ. ಶನಿವಾರ ಕೊಡಬಹುದು, ಇಲ್ಲವೇ ಒಂದೇ ದಿನ ಎರಡು ಸಲ, ನಡುವೆ ಕನಿಷ್ಠ ಆರು ಗಂಟೆ ಬಿಟ್ಟು.

ಈಗ ನಮಗೆ ಆದದ್ದನ್ನು ಹೇಳಬೇಕು. ಆಪರೇಷನ್ ಆದಮೇಲೆ ಊತ ಕಡಿಮೆಯಾಗಲಿ ಅಂತ ಮಗಳಿಗೆ ಡೆಕ್ಸಾ ಮಾತ್ರೆ ಕೊಡುತ್ತಿದ್ದರು. ಅದರಿಂದ ಗಲ್ಲ ಉಬ್ಬಿ ಮುಖ ದುಂಡಗಾಗಿತ್ತು. ಆ ದುಂಡು ಮುಖಕ್ಕೇ ಮಾಸ್ಕ್ ಮಾಡಿದರು. ಆಮೇಲೆ ಮಾತ್ರೆ ಕಡಿಮೆ ಮಾಡುತ್ತಾ ಬಂದರು, ಜೊತೆಗೆ ವಾಂತಿ, ಊಟ ಸೇರುತ್ತಿರಲಿಲ್ಲ. ಮುಖ ಇಳಿಯಿತು. ಎರಡನೇ ವಾರದಲ್ಲಿ ಒಂದು ದಿನ ಅವಳೇ, "ಅಮ್ಮಾ, ಇವತ್ತು ಮಾಸ್ಕ್ ಒಳಗೆ ತಲೆ ಅಲ್ಲಾಡಿಸ್ದೆ" ಅಂತ ಖುಷಿಯಿಂದ ಹೇಳಿದಳು. ನನಗೆ ಎದೆ ಧಸಕ್ಕೆಂದಿತು. ಹೋಗಿ ಹೇಳಿದೆ. ಮೊದಲು ಕೌಂಟರಿನಲ್ಲಿ ಇದ್ದವರು ಪರವಾಗಿಲ್ಲ ಬಿಡಿ ಅಂದರು. ನಾನು ಅಲ್ಲೇ ನಿಂತೆ. ಡಾಕ್ಟರ್ ಬಂದು, ಮಾಸ್ಕ್ ಹಾಕಿಸಿ, ಗಲ್ಲದ ಪಕ್ಕ ಬೆರಳು ತೂರಿಸಿ ನೋಡಿದರು. ಬೆರಳು ಸಲೀಸಾಗಿ ಹೋಯಿತು. ಅವತ್ತೇ ಹೊಸ ಮಾಸ್ಕ್, ಹೊಸ ಸಿಟಿ. ಮೊದಲಿನ ದಿನಗಳ ಚಿತ್ರಗಳನ್ನೂ ತೆಗೆದು ನೋಡಿದರು, ದೇವರ ದಯೆ, ವ್ಯತ್ಯಾಸ ಮಿತಿಯೊಳಗೇ ಇತ್ತು. ಡೆಕ್ಸಾ ಕಡಿಮೆ ಮಾಡುವಾಗ ಮುಖ ಇಳಿಯುತ್ತದೆ, ಮಾಸ್ಕ್ ಸಡಿಲವಾದರೆ ಹೇಳಿ ಅಂತ ಯಾರೂ ನಮಗೆ ಮೊದಲು ಹೇಳಿರಲಿಲ್ಲ. ಹಾಗಾಗಿ ನಾನು ಹೇಳುತ್ತಿದ್ದೇನೆ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ಮಗುವನ್ನು ದಿನಾ ಕೇಳಿ: ಇವತ್ತು ಬಿಗಿಯಾಗಿತ್ತಾ, ಸಡಿಲವಾಗಿತ್ತಾ? ಎರಡಕ್ಕೂ ಬೆಲೆ ಇದೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ವಾಂತಿಯ ಮಾತ್ರೆಯನ್ನು ವಾಂತಿ ಬಂದಮೇಲೆ ಅಲ್ಲ, ರೇಡಿಯೇಷನ್‌ಗೆ ಅರ್ಧ-ಒಂದು ಗಂಟೆ ಮೊದಲು ಕೊಡುತ್ತಾರೆ. ಕಿರಣ ಬೀಳುವ ಚರ್ಮಕ್ಕೆ ಕೊಬ್ಬರಿ ಎಣ್ಣೆ, ಅರಿಶಿನ, ಪೌಡರ್ ಯಾವುದನ್ನೂ ಡಾಕ್ಟರನ್ನು ಕೇಳದೆ ಹಚ್ಚಬೇಡಿ. ಜ್ವರ ಬಂದರೆ ರಾತ್ರಿಯೇ ಆಗಲಿ ಆಸ್ಪತ್ರೆಗೆ ಹೋಗಿ. ವಾರಕ್ಕೊಮ್ಮೆ ರಕ್ತ ಪರೀಕ್ಷೆ ತಪ್ಪಿಸಬೇಡಿ. ಮಗುವಿನ ಮೈಯಲ್ಲಿ ಕಿರಣ ಉಳಿದಿರುವುದಿಲ್ಲ, ತಮ್ಮ-ತಂಗಿಯರು ತಬ್ಬಿಕೊಳ್ಳಬಹುದು, ಪಕ್ಕದಲ್ಲೇ ಮಲಗಬಹುದು. ಮುಗಿದು ಒಂದೆರಡು ತಿಂಗಳಲ್ಲಿ ಕೆಲವು ಮಕ್ಕಳು ವಿಪರೀತ ನಿದ್ದೆ ಮಾಡುತ್ತಾರೆ. ನಮ್ಮವಳು ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದಳು, ಕಾಯಿಲೆ ಮರಳಿತು ಅಂತಲೇ ನಾವು ತಿಳಿದೆವು. ಅದು ತಲೆಗೆ ಕೊಟ್ಟ ರೇಡಿಯೇಷನ್‌ನಿಂದ ಆಗುವಂಥದ್ದು, ತಾನಾಗೇ ಹೋಯಿತು. ಆದರೂ ತೋರಿಸಿಯೇ ನಿಶ್ಚಯ ಮಾಡಿಕೊಳ್ಳಿ.

ಮುಗಿದ ದಿನ ಸ್ವೀಟ್ ಹಂಚುವ ಮೊದಲು ಒಂದು ಪೇಪರ್ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಎಷ್ಟು ಗ್ರೇ, ಎಷ್ಟು ದಿನ, ಯಾವ ತಾರೀಖಿನಿಂದ ಯಾವ ತಾರೀಖು, ಯಾವ ಯಾವ ಜಾಗಕ್ಕೆ, ಯಾವ ಯಂತ್ರದಲ್ಲಿ, ಕಿವಿಗೂ ಥೈರಾಯ್ಡ್‌ಗೂ ಹೃದಯಕ್ಕೂ ಎಷ್ಟು ಬಿತ್ತು ಅನ್ನುವುದು ಇರಬೇಕು. ಇದು ಅವಳಿಗೆ ಇಪ್ಪತ್ತೈದು ವರ್ಷವಾದಾಗಲೂ ಬೇಕು. ಎತ್ತರ ಬೆಳೆಯದಿದ್ದರೆ, ಥೈರಾಯ್ಡ್ ಕಡಿಮೆಯಾದರೆ, ಪಾಠ ನಿಧಾನವಾದರೆ, ಮುಂದೆಂದೋ ಬೇರೆ ಗಡ್ಡೆ ಕಂಡರೆ, ಆಗ ನೋಡುವ ಡಾಕ್ಟರ್ ಮೊದಲು ಕೇಳುವುದು ಇದನ್ನೇ. ನಾವು ಒಂದು ಪ್ರತಿಯನ್ನು ಪಹಣಿ, ಜಮೀನು ಪತ್ರಗಳ ಜೊತೆ ಬೀರುವಿನಲ್ಲಿ ಇಟ್ಟಿದ್ದೇವೆ. ಇನ್ನೊಂದು ಶಿವಮೊಗ್ಗದಲ್ಲಿ ನನ್ನ ತಮ್ಮನ ಮನೆಯಲ್ಲಿದೆ, ಅಲ್ಲಿ ಬೂಸ್ಟು ಕಡಿಮೆ.